ಲಕ್ವದ ನಂತರದ ನಡಿಗೆ: ಸುಧಾರಿಸಿದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಏಳು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿತ್ತು. ಮೂರನೇ ತಿಂಗಳಿಂದ ವಾರಕ್ಕೆ ಮೂರು ದಿನ ಫಿಸಿಯೋ ಅವರು ಮನೆಗೇ ಬಂದು, ಸ್ಪ್ಲಿಂಟ್ (ಪಾದಕ್ಕೆ ಆಸರೆ ಕೊಡುವ ಪ್ಲಾಸ್ಟಿಕ್ ಪಟ್ಟಿ), ಬೂಟು ಹಾಕಿಸಿ ಅಂಗಳದಲ್ಲಿ ನಡೆಸುತ್ತಾರೆ. ಮನೆಯೊಳಗೆ ಮಾತ್ರ ಬರಿಗಾಲು. ‘ಬಹಳ ಇಂಪ್ರೂವ್ ಆಗಿದೆ’ ಎನ್ನುತ್ತಾರೆ ಫಿಸಿಯೋ. ಅವರ ಪುಸ್ತಕದಲ್ಲಿ ಹತ್ತು ಮೀಟರ್ ನಡೆಯಲು ಮೊದಲು 28 ಸೆಕೆಂಡು, ಈಗ 17 ಸೆಕೆಂಡು ಎಂದಿದೆ. ಟಿಯುಜಿ ಎಂದು ಬರೆದಲ್ಲಿ 38 ಇದ್ದದ್ದು 34 ಆಗಿದೆ. ನಮ್ಮವ್ವ ಮಾತ್ರ ‘ಎಲ್ಲಿ ಸುಧಾರಿಸ್ಯಾರ? ಕಾಲು ಎಳಕೊಂತನ ನಡೀತಾರ, ಬಚ್ಚಲಿಗೆ ಹೋಗೂವಾಗ ಈಗೂ ನಾನ ಹಿಡೀಬೇಕು’ ಎನ್ನುತ್ತಾಳೆ. ಆರು ತಿಂಗಳು ದಾಟಿದ ಮೇಲೆ ಇನ್ನೇನೂ ಬರುವುದಿಲ್ಲ ಎಂದು ಕೆಲವರು, ಬೆಂಗಳೂರಿಗೆ ಹೋಗಿ ಕ್ಯಾಮೆರಾ ಹಚ್ಚಿ ನಡಿಗೆ ಪರೀಕ್ಷೆ ಮಾಡಿಸಿರಿ ಎಂದು ಕೆಲವರು. ಫೋನಿನಲ್ಲಿ ದಿನಕ್ಕೆ 300 ಹೆಜ್ಜೆಯಷ್ಟೇ ತೋರಿಸುತ್ತದೆ. ಅಪ್ಪನಿಗೆ ಇರುವುದು ಒಂದೇ ಆಸೆ: ಮನೆಯಿಂದ ಹೊಲದವರೆಗೆ ಹೋಗಿಬರಬೇಕು. ದುಡ್ಡು ಖರ್ಚಾಗುತ್ತಲೇ ಇದೆ. ನಿಜವಾಗಿ ಸುಧಾರಣೆ ಆಗಿದೆಯೋ ಇಲ್ಲವೋ ಎಂದು ನಾವು ತಿಳಿಯುವುದು ಹೇಗೆ?
— ಹಾನಗಲ್ ತಾಲ್ಲೂಕಿನ ಓದುಗರು

ಉತ್ತರ: ಫಿಸಿಯೋ ಹೇಳುವುದೂ ನಿಜ, ನಿಮ್ಮ ತಾಯಿಯವರು ಹೇಳುವುದೂ ನಿಜ. ಅವರಿಬ್ಬರೂ ನೋಡುತ್ತಿರುವ ನಡಿಗೆ ಬೇರೆ ಬೇರೆ. ಫಿಸಿಯೋ ನೋಡುವುದು ಬೂಟು ಹಾಕಿಕೊಂಡು, ಸಮತಟ್ಟಾದ ಅಂಗಳದಲ್ಲಿ, ಪಕ್ಕದಲ್ಲೊಬ್ಬರು ಹುರಿದುಂಬಿಸುತ್ತಿರುವಾಗ ನೇರಕ್ಕೆ ನಡೆಯುವ ನಡಿಗೆ. ತಾಯಿ ನೋಡುವುದು ನಸುಕಿನಲ್ಲಿ ಮಂಚದಿಂದ ಎದ್ದು, ಬರಿಗಾಲಲ್ಲಿ ಹೊಸ್ತಿಲು ದಾಟಿ, ಬಚ್ಚಲ ಬಾಗಿಲಲ್ಲಿ ಮೈ ತಿರುಗಿಸಿ ಒಳಹೋಗುವ ನಡಿಗೆ. ಲಕ್ವದ ರೋಗಿಗಳ ಮನೆಗಳಲ್ಲಿ ಈ ವಾದ ನಡೆಯುವುದನ್ನು ನಾನು ಮೇಲಿಂದ ಮೇಲೆ ಕೇಳಿದ್ದೇನೆ. ನಿಮ್ಮ ಅದೃಷ್ಟಕ್ಕೆ ನಿಮ್ಮ ಫಿಸಿಯೋ ಅಂಕಿ ಬರೆದಿಟ್ಟಿದ್ದಾರೆ. ಎಲ್ಲರೂ ಬರೆಯುವುದಿಲ್ಲ. ಆ ಅಂಕಿಗಳನ್ನೇ ಮೊದಲು ಓದೋಣ.

ಹತ್ತು ಮೀಟರಿಗೆ 28 ಸೆಕೆಂಡು ಎಂದರೆ ಸೆಕೆಂಡಿಗೆ ಸುಮಾರು 0.36 ಮೀಟರ್. ಈಗಿನ 17 ಸೆಕೆಂಡು ಎಂದರೆ 0.59 ಮೀಟರ್. ಕ್ಯಾಲಿಫೋರ್ನಿಯಾದ ರಾಂಚೊ ಲಾಸ್ ಅಮಿಗೋಸ್ ಪುನರ್ವಸತಿ ಆಸ್ಪತ್ರೆಯ ಜಾಕ್ವೆಲಿನ್ ಪೆರ್ರಿ ಮತ್ತು ಸಂಗಡಿಗರು 1995ರಲ್ಲಿ ಲಕ್ವವಾದವರ ನಡಿಗೆಯನ್ನು ವೇಗದ ಮೇಲೆ ವಿಂಗಡಿಸಿದರು. ಸೆಕೆಂಡಿಗೆ 0.4 ಮೀಟರಿಗಿಂತ ಕಡಿಮೆ ಇದ್ದವರು ಹೆಚ್ಚಾಗಿ ಮನೆಯೊಳಗಷ್ಟೇ ಓಡಾಡುತ್ತಾರೆ. 0.4ರಿಂದ 0.8ರ ನಡುವಿನವರು ಹೊರಗೆ ಸ್ವಲ್ಪ ಮಟ್ಟಿಗೆ ಓಡಾಡಬಲ್ಲರು. 0.8 ದಾಟಿದವರು ಊರೊಳಗೆ ತಮ್ಮ ಪಾಡಿಗೆ ತಾವು ಹೋಗಿಬರುತ್ತಾರೆ. ಇದು ಗೆರೆ ಕೊರೆದಂತಹ ಗಡಿಯೇನೂ ಅಲ್ಲ, ಆದರೂ ಜಗತ್ತಿನಾದ್ಯಂತ ಫಿಸಿಯೋಗಳು ಇದನ್ನೇ ಬಳಸುತ್ತೇವೆ. ನಿಮ್ಮ ತಂದೆ ಮೊದಲನೇ ಗುಂಪಿನಿಂದ ಎರಡನೆಯದಕ್ಕೆ ಬಂದಿದ್ದಾರೆ. ಏಳು ಮೀಟರ್ ಅಗಲದ ಡಾಂಬರು ರಸ್ತೆ ದಾಟಲು ಆಗ ಸುಮಾರು 20 ಸೆಕೆಂಡು ಬೇಕಿತ್ತು, ಈಗ 12 ಸಾಕು.

ಇಷ್ಟು ವ್ಯತ್ಯಾಸ ದೊಡ್ಡದೇ? ಲಕ್ವವಾದವರಲ್ಲಿ ಸೆಕೆಂಡಿಗೆ 0.06 ಮೀಟರ್ ಹೆಚ್ಚಿದರೆ ಸಣ್ಣ ಸುಧಾರಣೆ, 0.14 ಹೆಚ್ಚಿದರೆ ಜೀವನದಲ್ಲಿ ಎದ್ದು ಕಾಣುವ ಸುಧಾರಣೆ ಎಂದು ಅಧ್ಯಯನಗಳು ಅಂದಾಜಿಸಿವೆ. ನಿಮ್ಮವರದು 0.23. ಒಂದೆರಡು ಸೆಕೆಂಡು ಅತ್ತಿತ್ತ ಆದದ್ದಾದರೆ ಅಂದಿನ ನಿದ್ದೆ, ಬಿಸಿಲು, ಉತ್ಸಾಹದ ಪರಿಣಾಮ ಎನ್ನಬಹುದಿತ್ತು. 11 ಸೆಕೆಂಡು ಹಾಗೆ ಬರುವುದಿಲ್ಲ.

ಈಗ ಟಿಯುಜಿ. ಕೈಯಿರುವ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ವಾಪಸು ಬಂದು ಕೂರಲು ಎಷ್ಟು ಸೆಕೆಂಡು ಬೇಕು ಎಂಬ ಪರೀಕ್ಷೆ ಅದು. 1991ರಿಂದ ಬಳಕೆಯಲ್ಲಿದೆ. ಲಕ್ವವಾಗದ ವಯಸ್ಸಾದವರಲ್ಲೂ 12–13 ಸೆಕೆಂಡಿಗಿಂತ ಹೆಚ್ಚಾದರೆ ಬೀಳುವ ಅಪಾಯವಿದೆ ಎಂದು ಎಚ್ಚರಿಸುತ್ತೇವೆ. ನಿಮ್ಮ ತಂದೆಯದು 38ರಿಂದ 34. ಇಷ್ಟು ದೊಡ್ಡ ಅಂಕಿಯಲ್ಲಿ ನಾಲ್ಕು ಸೆಕೆಂಡಿನ ಏರುಪೇರು ಸೋಮವಾರಕ್ಕೂ ಗುರುವಾರಕ್ಕೂ ಬರುವಂಥದು. ಇದನ್ನು ನಾನು ಸುಧಾರಣೆ ಎಂದು ಬರೆಯುವುದಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿ. ಈಗಿನ ವೇಗದಲ್ಲಿ ಹೋಗುವ ಮೂರು, ಬರುವ ಮೂರು, ಒಟ್ಟು ಆರು ಮೀಟರ್ ನಡೆಯಲು ಹತ್ತು ಸೆಕೆಂಡು ಸಾಕು. ಉಳಿದ 24 ಸೆಕೆಂಡು ಎಲ್ಲಿ ಹೋಯಿತು? ಏಳುವುದರಲ್ಲಿ, ತಿರುಗುವುದರಲ್ಲಿ, ಕುರ್ಚಿಯ ಮುಂದೆ ಹಿಂದುಮುಂದಾಗಿ ಕೂರುವುದರಲ್ಲಿ. ಕಾಲು ನೇರಕ್ಕೆ ನಡೆಯಲು ಕಲಿತಿದೆ; ಏಳಲು, ತಿರುಗಲು ಇನ್ನೂ ಕಲಿತಿಲ್ಲ. ಬಚ್ಚಲ ದಾರಿಯಲ್ಲಿ ಬೇಕಾಗುವುದು ಅವೆರಡೇ. ನಿಮ್ಮ ತಾಯಿಯ ಮಾತು ಆ ಪುಸ್ತಕದಲ್ಲೇ ಇದೆ, ಎರಡನೇ ಸಾಲಿನಲ್ಲಿ.

ಆದರೆ ಈ ಅಂಕಿಗಳನ್ನು ಪೂರ್ತಿ ನಂಬುವ ಮೊದಲು ಫಿಸಿಯೋ ಅವರನ್ನು ಕೆಲವು ಮಾತು ಕೇಳಿ. ಮೊದಲ ಸಲ ಅಳೆದಾಗ ವಾಕರ್ ಇತ್ತೋ, ಕೋಲು ಇತ್ತೋ? ಸ್ಪ್ಲಿಂಟ್ ಆಗಲೂ ಇತ್ತೋ, ಆಮೇಲೆ ಬಂತೋ? ನಿಂತಲ್ಲಿಂದಲೇ ಗಡಿಯಾರ ಒತ್ತಿದರೋ, ನಾಲ್ಕು ಹೆಜ್ಜೆ ನಡೆದ ಮೇಲೋ? ಒಂದೇ ಸಲ ಅಳೆದದ್ದೋ, ಮೂರು ಸಲದ ಸರಾಸರಿಯೋ? ‘ನಿಮ್ಮ ಪಾಡಿಗೆ ನಡೀರಿ’ ಎಂದರೋ, ‘ಜೋರಾಗಿ ನಡೀರಿ’ ಎಂದರೋ? ಇವುಗಳಲ್ಲಿ ಒಂದು ಬದಲಾದರೂ ಅಂಕಿ ಬದಲಾಗುತ್ತದೆ. ಸ್ಪ್ಲಿಂಟ್ ಹಾಕಿದ್ದರಿಂದಲೇ ವೇಗ ಹೆಚ್ಚಿದ್ದರೆ ಅದೂ ಲಾಭವೇ, ಆದರೆ ಅದು ಸ್ಪ್ಲಿಂಟಿನ ಲಾಭ. ಬಿಚ್ಚಿದ ಕ್ಷಣ ಹೋಗುತ್ತದೆ. ಮನೆಯೊಳಗೆ ಬರಿಗಾಲಲ್ಲಿ ತಾಯಿ ನೋಡುತ್ತಿರುವುದು ಅದನ್ನೇ ಇರಬಹುದು. ಇದನ್ನು ಕೇಳಿದರೆ ಒಳ್ಳೆಯ ಫಿಸಿಯೋ ಬೇಸರ ಮಾಡಿಕೊಳ್ಳುವುದಿಲ್ಲ.

ಕಾಲು ಎಳೆಯುವುದು ಏಕೆ ನಿಂತಿಲ್ಲ ಎಂಬುದನ್ನೂ ಹೇಳಬೇಕು. ನಾವು ನಡೆಯುವಾಗ ಒಂದು ಕಾಲು ಸುಮಾರು 60 ಪಾಲು ಹೊತ್ತು ನೆಲದ ಮೇಲೆ, 40 ಪಾಲು ಹೊತ್ತು ಗಾಳಿಯಲ್ಲಿ ಇರುತ್ತದೆ. ಗಾಳಿಯಲ್ಲಿರುವಾಗ ಮಂಡಿ ಮಡಚಬೇಕು, ಪಾದದ ತುದಿ ಮೇಲಕ್ಕೇಳಬೇಕು. ಲಕ್ವದಲ್ಲಿ ಪಾದ ಎತ್ತುವ ಸ್ನಾಯು ಸೋತಿರುತ್ತದೆ, ಮೀನಖಂಡ ಬಿಗಿದು ಪಾದವನ್ನು ಕೆಳಕ್ಕೆ, ಒಳಕ್ಕೆ ಎಳೆಯುತ್ತದೆ, ಮಂಡಿ ಕೋಲಿನಂತೆ ನೆಟ್ಟಗೆ ಉಳಿಯುತ್ತದೆ. ಆಗ ಕಾಲು ಉದ್ದವಾದಂತಾಗಿ ನೆಲಕ್ಕೆ ತಾಗುತ್ತದೆ. ಅದನ್ನು ತಪ್ಪಿಸಲು ದೇಹ ಸೊಂಟ ಎತ್ತಿ, ಕಾಲನ್ನು ಹೊರಗಿನಿಂದ ಅರ್ಧಚಂದ್ರಾಕಾರವಾಗಿ ಬೀಸಿ ಮುಂದಿಡುತ್ತದೆ. ನೋಡುವವರಿಗೆ ಇದು ಕೆಟ್ಟ ನಡಿಗೆ. ದೇಹಕ್ಕೆ ಇದು ಸದ್ಯ ಇರುವ ದಾರಿ. ವೇಗ ಹೆಚ್ಚುವುದು ಎರಡು ರೀತಿಯಲ್ಲಿ: ಬಲಗಾಲೇ ಕೆಲಸ ಕಲಿಯಬಹುದು, ಇಲ್ಲವೇ ಎಡಗಾಲು ಮತ್ತು ಸೊಂಟ ಹೆಚ್ಚು ಜಾಣತನದಿಂದ ಆ ಕೊರತೆ ತುಂಬಬಹುದು. ಸೆಕೆಂಡು ಎಣಿಸುವ ಗಡಿಯಾರ ಇವೆರಡನ್ನೂ ಬೇರೆ ಮಾಡಿ ಹೇಳುವುದಿಲ್ಲ.

ಆದ್ದರಿಂದ ಗಡಿಯಾರದ ಜೊತೆ ಕಣ್ಣೂ ಬೇಕು. ಮೊದಲು ಅವರ ಬಲಗಾಲಿನ ಬೂಟನ್ನು ತಿರುಗಿಸಿ ತಳ ನೋಡಿ. ಪಾದ ಎಳೆಯುವವರ ಬೂಟು ಮುಂದಿನ ತುದಿಯಲ್ಲಿ, ಅದರಲ್ಲೂ ಹೊರಬದಿಯಲ್ಲಿ ಸವೆದಿರುತ್ತದೆ. ಹೊಸ ಬೂಟು ತಂದಾಗ ತಳದ ಫೋಟೊ ತೆಗೆದಿಟ್ಟು ಎರಡು ತಿಂಗಳ ನಂತರ ಹೋಲಿಸಿ. ಅಂಗಳದ ಮಣ್ಣಿನ ಮೇಲೆ ಹೆಜ್ಜೆ ಗುರುತನ್ನೂ ನೋಡಿ: ಬಲಹೆಜ್ಜೆಯ ಮುಂದೆ ಗೀರು ಬಿದ್ದಿದೆಯೇ, ಎಡಹೆಜ್ಜೆ ಬಲಪಾದವನ್ನು ದಾಟಿ ಮುಂದೆ ಬೀಳುತ್ತಿದೆಯೇ ಅಥವಾ ಪಕ್ಕದಲ್ಲೇ ಬಂದು ನಿಲ್ಲುತ್ತಿದೆಯೇ? ಜನ ಬಲಗಾಲನ್ನಷ್ಟೇ ದಿಟ್ಟಿಸುತ್ತಾರೆ. ನಾನು ಮೊದಲು ನೋಡುವುದು ಎಡಹೆಜ್ಜೆ. ಬಲಗಾಲಿನ ಮೇಲೆ ಭಾರ ಹಾಕಿ ನಿಲ್ಲುವ ಧೈರ್ಯ ಬಂದಾಗ ಮಾತ್ರ ಎಡಹೆಜ್ಜೆ ಉದ್ದವಾಗುತ್ತದೆ. ಹೀಗಾಗಿ ಸೋತ ಕಾಲಿನ ಸುಧಾರಣೆ ಅನೇಕ ಸಲ ಮೊದಲು ಕಾಣುವುದು ಗಟ್ಟಿ ಕಾಲಿನ ಹೆಜ್ಜೆಯಲ್ಲಿ.

ಮನೆಯಲ್ಲಿ ಅಳೆಯುವ ಕ್ರಮ ಸರಳ. ಸಿಮೆಂಟು ರಸ್ತೆಯಲ್ಲೋ ಜಗಲಿಯಲ್ಲೋ ಹತ್ತು ಮೀಟರಿಗೆ ಸುಣ್ಣದ ಗೆರೆ ಎಳೆಯಿರಿ, ಹಿಂದೆ ಎರಡು ಮೀಟರ್, ಮುಂದೆ ಎರಡು ಮೀಟರ್ ಹೆಚ್ಚಿಗೆ ಬಿಡಿ. ಹಿಂದಿನಿಂದ ಹೊರಟು ಮೊದಲ ಗೆರೆ ದಾಟಿದಾಗ ಗಡಿಯಾರ ಒತ್ತಿ, ಕೊನೆಯ ಗೆರೆ ದಾಟಿದಾಗ ನಿಲ್ಲಿಸಿ. ಮೂರು ಸಲ, ನಡುವೆ ಕೂರಿಸಿ, ಸರಾಸರಿ ಬರೆಯಿರಿ. ಅದೇ ಬೂಟು, ಅದೇ ಕೋಲು, ದಿನದ ಅದೇ ಹೊತ್ತು. ಎಷ್ಟು ಹೆಜ್ಜೆ ಎಂದೂ ಎಣಿಸಿ. ಸೆಕೆಂಡೂ ಹೆಜ್ಜೆಯೂ ಎರಡೂ ಕಡಿಮೆಯಾದರೆ ಹೆಜ್ಜೆ ಉದ್ದವಾಗಿದೆ, ಸೆಕೆಂಡು ಮಾತ್ರ ಕಡಿಮೆಯಾದರೆ ಸಣ್ಣ ಹೆಜ್ಜೆಗಳನ್ನೇ ಬೇಗ ಬೇಗ ಇಡುತ್ತಿದ್ದಾರೆ ಎಂದರ್ಥ. ಒಬ್ಬರು ಅವರ ಬಲಗಡೆ ಅರ್ಧ ಹೆಜ್ಜೆ ಹಿಂದೆ ನಡೆಯಬೇಕು. ಮುಂದೆ ನಡೆದರೆ ಅವರು ನಿಮ್ಮ ವೇಗಕ್ಕೆ ಎಳೆಯಲ್ಪಡುತ್ತಾರೆ. ಬೀಳುವವರು ಸಾಮಾನ್ಯವಾಗಿ ಸೋತ ಬದಿಗೆ ಬೀಳುತ್ತಾರೆ, ಆ ಬದಿಯ ಮೂಳೆಯೂ ಸವೆದಿರುತ್ತದೆ. ಸೊಂಟದ ಮೂಳೆ ಮುರಿದರೆ ಏಳು ತಿಂಗಳ ಶ್ರಮ ಹೋಯಿತು.

ತಿಂಗಳಿಗೊಂದು ಸಲ ಸಾಕು. ದಿನವೂ ಅಳೆಯಬೇಡಿ, ಅಂಕಿ ಏರಿಳಿದು ಅವರ ಮನಸ್ಸು ಕುಗ್ಗುತ್ತದೆ. ಅದೇ ದಿನ ಬದಿಯಿಂದ ಒಂದು, ಹಿಂದಿನಿಂದ ಒಂದು ವಿಡಿಯೊ ತೆಗೆಯಿರಿ, ಫೋನು ಸೊಂಟದ ಎತ್ತರದಲ್ಲಿರಲಿ, ಪಾದ ಕಾಣಲಿ, ಪಂಚೆ ಮೊಣಕಾಲಿಗಿಂತ ಮೇಲಿರಲಿ. ನೆಲಕ್ಕೆ ಮೊದಲು ತಾಗುವುದು ಹಿಮ್ಮಡಿಯೋ ಬೆರಳೋ, ಭಾರ ಬಿದ್ದಾಗ ಮಂಡಿ ಹಿಂದಕ್ಕೆ ಬಾಗುತ್ತಿದೆಯೋ ಎಂಬುದನ್ನು ನಿಧಾನಗತಿಯಲ್ಲಿ ನೋಡಿ. ಮಂಡಿ ಹಿಂದಕ್ಕೆ ಬಾಗುವುದನ್ನು ಕಡೆಗಣಿಸಬೇಡಿ, ವರ್ಷಗಳು ಕಳೆದಂತೆ ಅದು ಮಂಡಿನೋವಾಗಿ ಕೂರುತ್ತದೆ.

ಇನ್ನೊಂದು ಪರೀಕ್ಷೆಗೆ ಗಡಿಯಾರವೂ ಬೇಡ. ಅವರು ನಡೆಯುತ್ತಿರುವಾಗ ಪಕ್ಕದಿಂದ ‘ಗೋವಿನಜೋಳಕ್ಕೆ ಈ ಸಲ ರೇಟು ಎಷ್ಟಪ್ಪಾ?’ ಎಂದು ಕೇಳಿ. ಉತ್ತರ ಕೊಡಲು ನಿಂತುಬಿಟ್ಟರೆ, ಅವರ ಗಮನವೆಲ್ಲ ನಡಿಗೆಗೇ ಖರ್ಚಾಗುತ್ತಿದೆ. ಮಾತಾಡಲು ನಿಲ್ಲುವ ವೃದ್ಧರು ಮುಂದೆ ಹೆಚ್ಚು ಬೀಳುತ್ತಾರೆ ಎಂದು 1997ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಮಾತಾಡುತ್ತ ನಡೆಯಲು ಬಂದರೆ ಅದು ದೊಡ್ಡ ಸುಧಾರಣೆ, ಯಾವ ಪುಸ್ತಕದಲ್ಲೂ ಬರೆದಿರದಿದ್ದರೂ. ಲಕ್ವದಿಂದ ಮಾತೇ ತೊದಲುತ್ತಿದ್ದರೆ ಈ ಪರೀಕ್ಷೆ ಹೊಂದುವುದಿಲ್ಲ.

ಫೋನಿನ 300 ಹೆಜ್ಜೆಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಧಾನವಾಗಿ, ಪಾದ ಎಳೆದು ನಡೆಯುವವರ ಹೆಜ್ಜೆಗಳನ್ನು ಫೋನು, ಕೈಪಟ್ಟಿ ಎರಡೂ ಬಹಳಷ್ಟು ಬಿಟ್ಟುಬಿಡುತ್ತವೆ. ಬಲಗೈ ಬೀಸುವುದಿಲ್ಲ, ಎಡಗೈ ಕೋಲು ಹಿಡಿದಿದೆ, ಯಂತ್ರಕ್ಕೆ ತಿಳಿಯುವುದಾದರೂ ಹೇಗೆ? ಹೆಜ್ಜೆ ಎಣಿಸುವ ಪಟ್ಟಿಯನ್ನು ಗಟ್ಟಿ ಕಾಲಿನ ಹರಡಿಗೆ ಕಟ್ಟಿದರೆ ಲೆಕ್ಕ ಹೆಚ್ಚು ಸರಿ ಬರುತ್ತದೆ.

ಆರು ತಿಂಗಳ ಗಡುವಿನ ಮಾತಿಗೆ ಬರುತ್ತೇನೆ. ತಾನಾಗಿ ಬರುವ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಹೆಚ್ಚು, ಆಮೇಲೆ ನಿಧಾನ. ಇದು ನಿಜ. ಬಾಗಿಲು ಮುಚ್ಚುತ್ತದೆ ಎಂಬುದು ಸುಳ್ಳು. ಅಮೆರಿಕದಲ್ಲಿ 408 ಲಕ್ವ ರೋಗಿಗಳನ್ನು ಸೇರಿಸಿ ಮಾಡಿದ, 2011ರಲ್ಲಿ ಪ್ರಕಟವಾದ ಲೀಪ್ಸ್ ಎಂಬ ಅಧ್ಯಯನವಿದೆ. ಒಂದು ಗುಂಪಿಗೆ ಎರಡನೇ ತಿಂಗಳಲ್ಲೇ ಮೈಭಾರವನ್ನು ಸ್ವಲ್ಪ ಮೇಲಿನಿಂದ ಪಟ್ಟಿಯಲ್ಲಿ ಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸಿದರು, ಇನ್ನೊಂದಕ್ಕೆ ಅದನ್ನೇ ಆರನೇ ತಿಂಗಳಲ್ಲಿ ಶುರುಮಾಡಿದರು, ಮೂರನೆಯದಕ್ಕೆ ಫಿಸಿಯೋ ಮನೆಗೆ ಹೋಗಿ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಿಸಿದರು. ವರ್ಷದ ಕೊನೆಗೆ ಒಟ್ಟು 52 ಶೇಕಡಾ ಜನ ನಡಿಗೆಯಲ್ಲಿ ಒಂದು ಮೆಟ್ಟಿಲು ಮೇಲೇರಿದ್ದರು, ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ತಡವಾಗಿ ಶುರುಮಾಡಿದವರೂ ಅಷ್ಟೇ ಮುಂದೆ ಬಂದರು. ಮನೆಯಲ್ಲಿ ಮಾಡಿದವರೂ ಹಿಂದೆ ಬೀಳಲಿಲ್ಲ. ದೊಡ್ಡ ಯಂತ್ರವಿಲ್ಲದ ಊರಿನಲ್ಲಿದ್ದೇವೆ ಎಂದು ಕೊರಗುವವರಿಗೆಲ್ಲ ನಾನು ಇದನ್ನು ಹೇಳುತ್ತೇನೆ. ಇದರಲ್ಲಿ ಇನ್ನೊಂದು ಮಾತೂ ಇದೆ: ಒಬ್ಬ ರೋಗಿಯ ವಿಷಯದಲ್ಲಿ ಎಷ್ಟು ಪಾಲು ಚಿಕಿತ್ಸೆಯಿಂದ, ಎಷ್ಟು ತಾನಾಗಿ ಬಂತು ಎಂದು ಯಾವ ಅಳತೆಯೂ ಬಿಡಿಸಿ ಹೇಳದು. ಆದರೆ ಏಳನೇ ತಿಂಗಳ ನಂತರವೂ ವೇಗ ಏರುತ್ತಿದ್ದರೆ ಅಭ್ಯಾಸಕ್ಕೆ ಹೆಚ್ಚಿನ ಪಾಲು ಕೊಡಬಹುದು.

ಬೆಂಗಳೂರಿನ ಕ್ಯಾಮೆರಾ ಪರೀಕ್ಷೆ ನಿಮಗೆ ಈಗ ಬೇಡ ಎಂಬುದು ನನ್ನ ಅಭಿಪ್ರಾಯ. ಮೈಮೇಲೆ ಹೊಳೆಯುವ ಗುಂಡಿ ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು, ನೆಲದಲ್ಲಿ ಭಾರ ಅಳೆಯುವ ಹಲಗೆ ಹೂತು ಪ್ರತಿ ಕೀಲಿನ ಕೋನ ಅಳೆಯುವ ವ್ಯವಸ್ಥೆ ಅದು. ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮಿದುಳಿಗೆ ಆದ ತೊಂದರೆಯಿಂದ ಚಲನೆ ಕೆಡುವ ಸ್ಥಿತಿ) ಇರುವ ಮಗುವಿಗೆ ಯಾವ ಸ್ನಾಯುವಿನ ಶಸ್ತ್ರಚಿಕಿತ್ಸೆ ಮಾಡಬೇಕು ಎಂದು ನಿರ್ಧರಿಸುವಾಗ ಅದರ ಬೆಲೆ ತಿಳಿಯುತ್ತದೆ. ಸುಧಾರಿಸಿದೆಯೇ ಎಂಬ ಪ್ರಶ್ನೆಗೆ ಒಂದು ಸಲದ ಪರೀಕ್ಷೆ ಉತ್ತರವನ್ನೇ ಕೊಡದು, ಹೋಲಿಸಲು ಹಳೆಯದು ಬೇಕಲ್ಲ. ಮುಂದೆ ಬಿಗಿತಕ್ಕೆ ಇಂಜೆಕ್ಷನ್ನೋ ಶಸ್ತ್ರಚಿಕಿತ್ಸೆಯೋ ಎಂಬ ಮಾತು ಬಂದು ವೈದ್ಯರೇ ಕೇಳಿದರೆ ಮಾಡಿಸಿ.

ಹಾಗಾದರೆ ಈಗ ಏನು ಮಾಡಬೇಕು? ಫಿಸಿಯೋ ಮುಂದುವರಿಸಿ, ಗುರಿ ಬದಲಿಸಿ. ನೇರ ನಡಿಗೆಯ ಹೊತ್ತು ಕಡಿಮೆ ಮಾಡಿ ಕುರ್ಚಿಯಿಂದ ಏಳುವುದು, ಎರಡೂ ಕಡೆಗೆ ತಿರುಗುವುದು, ಹೊಸ್ತಿಲು ದಾಟುವುದು, ಬಚ್ಚಲವರೆಗಿನ ನಿಜವಾದ ದಾರಿ, ಇವನ್ನು ಮಾಡಿಸಲು ಹೇಳಿ. ತಿರುಗುವಾಗಲೇ ಬೀಳುವ ಸಂಭವ ಹೆಚ್ಚಾದ್ದರಿಂದ ಮೊದಲ ವಾರಗಳಲ್ಲಿ ಸೊಂಟಕ್ಕೆ ಪಟ್ಟಿ ಕಟ್ಟಿ ಹಿಡಿದುಕೊಂಡೇ ಮಾಡಿಸಬೇಕು. ಅಳತೆಯೂ ಅದಕ್ಕೆ ತಕ್ಕಂತಿರಲಿ: ಪೂರ್ತಿ ಒಂದು ಸುತ್ತು ತಿರುಗಲು ಎಷ್ಟು ಸೆಕೆಂಡು? ಬರ್ಗ್ ಸಮತೋಲನ ಮಾಪನ ಎಂಬ 56 ಅಂಕದ ಪರೀಕ್ಷೆಯಲ್ಲಿ ಎರಡೂ ಕಡೆಗೆ ನಾಲ್ಕು ನಾಲ್ಕು ಸೆಕೆಂಡಿನಲ್ಲಿ ತಿರುಗಿದವರಿಗೆ ಆ ಅಂಶದಲ್ಲಿ ಪೂರ್ತಿ ಅಂಕ. ನಿಮ್ಮವರಿಗೆ ಬಹುಶಃ ಇದರ ಮೂರು ನಾಲ್ಕು ಪಟ್ಟು ಬೇಕಾಗುತ್ತಿದೆ.

ಸ್ಪ್ಲಿಂಟನ್ನು ಮನೆಯೊಳಗೂ ಹಾಕಿಸಿ. ಆದರೆ ಬರೀ ಪ್ಲಾಸ್ಟಿಕ್ ತಳ ಟೈಲ್ಸ್ ಮೇಲೆ ಜಾರುತ್ತದೆ. ಮನೆಯೊಳಗೆ ಚಪ್ಪಲಿ ಬೂಟು ಹಾಕಬಾರದು ಎಂಬ ನಮ್ಮ ಪದ್ಧತಿಯಿಂದಾಗಿ ಎಷ್ಟೋ ಸ್ಪ್ಲಿಂಟ್‌ಗಳು ಮೂಲೆ ಸೇರಿವೆ. ಹೊರಗೆ ಬಳಸದ, ಮನೆಗೆಂದೇ ಇಟ್ಟ ಒಂದು ಜೊತೆ ಬೂಟು ತನ್ನಿ, ದೇವರ ಕೋಣೆ ಬಿಟ್ಟು ಉಳಿದ ಕಡೆ ಹಾಕಲಿ. ಬಿಚ್ಚಿದಾಗ ಚರ್ಮ ನೋಡಿ. ಅರ್ಧ ಗಂಟೆಯಾದರೂ ಹೋಗದ ಕೆಂಪು ಇದ್ದರೆ ಸರಿಪಡಿಸಬೇಕು, ಸ್ಪರ್ಶ ತಿಳಿಯದ ಪಾದದಲ್ಲಿ ಹುಣ್ಣು ಸದ್ದಿಲ್ಲದೆ ಆಗುತ್ತದೆ.

ಮೀನಖಂಡದ ಬಿಗಿತವೇ ಅಡ್ಡಿ ಎಂದಾದರೆ ಬೊಟುಲಿನಮ್ ಇಂಜೆಕ್ಷನ್ ಇದೆ. ಪರಿಣಾಮ ಸುಮಾರು ಮೂರು ತಿಂಗಳು. ಬಿಗಿತ ಚೆನ್ನಾಗಿ ಇಳಿಯುತ್ತದೆ, ನಡಿಗೆಯ ವೇಗದಲ್ಲಿ ಸಿಗುವ ಲಾಭ ಸಾಮಾನ್ಯವಾಗಿ ಸ್ವಲ್ಪವೇ. ಕೆಲವರು ಆ ಬಿಗಿತದ ಆಸರೆಯಲ್ಲೇ ನಿಂತಿರುತ್ತಾರೆ, ಅವರಿಗೆ ಬಿಗಿತ ತೆಗೆದರೆ ಕಾಲು ಕುಸಿಯುತ್ತದೆ. ಬಿಗಿತ ಇಳಿಸುವ ಬ್ಯಾಕ್ಲೊಫೆನ್ ಮಾತ್ರೆ ಅಗ್ಗ, ಆದರೆ ಮಂಪರು, ನಿಶ್ಶಕ್ತಿ ತರಬಹುದು. ಸುಧಾರಿಸಲಿಲ್ಲ ಎಂದು ತಟ್ಟನೆ ನಿಲ್ಲಿಸಿದರೆ ಅಪಾಯ. ನಿಮ್ಹಾನ್ಸ್‌ನಂತಹ ಸಂಸ್ಥೆಗಳ ನರ ಪುನರ್ವಸತಿ ವಿಭಾಗದಲ್ಲಿ ಇದನ್ನು ತೂಗಿ ನೋಡಿ ಹೇಳುತ್ತಾರೆ. ಹೋಗುವಾಗ ನಿಮ್ಮ ಅಂಕಿಗಳ ಪುಸ್ತಕ, ವಿಡಿಯೊ ಒಯ್ಯಿರಿ.

ಇನ್ನು ಹೊಲ. ಅವರ ಆಸೆಯೇ ನಿಮ್ಮ ಮುಖ್ಯ ಅಳತೆಯಾಗಲಿ ಎಂಬುದು ನನ್ನ ಮನಸ್ಸಿನ ಮಾತು. ಹತ್ತು ಮೀಟರ್ ನಡಿಗೆ ವೇಗ ಹೇಳುತ್ತದೆ, ದಮ್ಮನ್ನು ಹೇಳುವುದಿಲ್ಲ. ಅದಕ್ಕೆ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ: 30 ಮೀಟರ್ ದಾರಿಯಲ್ಲಿ ಹಿಂದೆ ಮುಂದೆ, ಬೇಕಾದಾಗ ನಿಂತು, ಆರು ನಿಮಿಷದಲ್ಲಿ ಒಟ್ಟು ಎಷ್ಟು ದೂರ? ಈಗಿನ ವೇಗ ಉಳಿಸಿಕೊಂಡರೆ ಸುಮಾರು 210 ಮೀಟರ್ ಬರಬೇಕು. 140 ಬಂದರೆ ದಮ್ಮು ಸಾಲದು, ಮತ್ತು ಅದು ಅಭ್ಯಾಸದಿಂದ ಬೆಳೆಯುವಂಥದು. ಮುಂದೆ 50 ಮೀಟರ್ ಹೆಚ್ಚಿದರೆ ದೊಡ್ಡ ಗಳಿಕೆ ಎಂದು ಲೆಕ್ಕ. ಕಳೆದ ಒಂದು ತಿಂಗಳಲ್ಲಿ ಹೃದಯಾಘಾತವಾಗಿದ್ದರೆ, ಕೂತಾಗಲೇ ಬಿಪಿ 180/100 ದಾಟಿದ್ದರೆ, ನಾಡಿ 120 ಮೀರಿದ್ದರೆ ಅಂದು ಮಾಡಿಸಬಾರದು. ಆಮೇಲೆ ಹೊಲದ ದಾರಿಯಲ್ಲೇ ಒಂದೊಂದು ಗುರುತು ಇಟ್ಟುಕೊಳ್ಳಿ, ಮೊದಲ ಲೈಟಿನ ಕಂಬ, ಗುಡಿ, ಕಾಲುವೆಯ ಸೇತುವೆ, ಮತ್ತು ಎಲ್ಲಿವರೆಗೆ ಹೋದರು, ಎಷ್ಟು ಸಲ ಕೂತರು, ಯಾರಾದರೂ ಹಿಡಿಯಬೇಕಾಯಿತೇ ಎಂದು ಬರೆಯಿರಿ. ಹೊಲದ ಬದು ಏರುವುದನ್ನು ಕೊನೆಗೆ ಇಟ್ಟುಕೊಳ್ಳಿ, ಮಳೆಗಾಲದಲ್ಲಂತೂ ಬೇಡ. ಮೂರು ತಿಂಗಳು ಹೀಗೆ ಗುರಿ ಬದಲಿಸಿ ಮಾಡಿಸಿದ ಮೇಲೂ ವೇಗ, ತಿರುಗುವ ಸಮಯ, ದೂರ ಮೂರೂ ಕದಲದಿದ್ದರೆ ವಾರಕ್ಕೆ ಮೂರು ದಿನದ ಖರ್ಚು ಬೇಡ. ಫಿಸಿಯೋ ತಿಂಗಳಿಗೊಮ್ಮೆ ಬಂದು ನೋಡಲಿ, ದಿನದ ಅಭ್ಯಾಸ ನೀವೇ ಮಾಡಿಸಿ.

ಕೊನೆಗೆ, ಅಂಕಿ ಹಿಂದಕ್ಕೆ ಹೋದರೆ ಏನೆಂದು ತಿಳಿದಿರಲಿ. ಒಂದೆರಡು ದಿನದಲ್ಲಿ ನಿಧಾನವಾಗಿ ನಡಿಗೆ ಕೆಟ್ಟರೆ ಜ್ವರ, ಮೂತ್ರದ ಸೋಂಕು, ಸಕ್ಕರೆ ಅಥವಾ ಸೋಡಿಯಂ ಏರುಪೇರು ಇದೆಯೇ ಎಂದು ವೈದ್ಯರಿಗೆ ತೋರಿಸಿ, ಇವುಗಳಿಂದ ಹಳೆಯ ಲಕ್ವ ಮರಳಿ ಬಂದಂತೆ ಕಾಣುವುದುಂಟು. ಇದ್ದಕ್ಕಿದ್ದಂತೆ ಕಾಲು ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ‘ಇವತ್ತು ಯಾಕೋ ಸರಿ ಇಲ್ಲ’ ಎಂದು ಮಲಗಿಸಬೇಡಿ. 108ಕ್ಕೆ ಕರೆ ಮಾಡಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ, ಅದೂ ಅವರು ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ ಲೆಕ್ಕ.